ನಾಲ್ಕು ಮರಿ, ಎರಡು ಪಾಲು

ಅತ್ತೆ ಬದುಕಿದ್ದಾಗಲೇ ಆ ಮನೆಗೊಂದು ಕಟ್ಟಳೆ ಹಾಕಿಟ್ಟಿದ್ದಳು. ಏನನ್ನೇ ಹಂಚಿಕೊಳ್ಳಲಿ, ದೊಡ್ಡ ಸೊಸೆ ಪಾಲು ಮಾಡಬೇಕು, ಚಿಕ್ಕ ಸೊಸೆ ಆರಿಸಿಕೊಳ್ಳಬೇಕು. ಪಾಲು ಮಾಡಿದವಳಿಗೆ ಆರಿಸುವ ಹಕ್ಕಿಲ್ಲ, ಆರಿಸುವವಳು ಪಾಲಿಗೆ ಕೈ ಹಚ್ಚುವಂತಿಲ್ಲ. ಎರಡು ಜಡೆ ಒಂದೇ ಅಂಗಳದಲ್ಲಿ ಜಗಳವಿಲ್ಲದೆ ಬಾಳಬೇಕಾದರೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂಬುದು ಮುದುಕಿಯ ಲೆಕ್ಕ. ಮುದುಕಿ ಹೋದಳು, ಅಂಗಳದ ನಡುವೆ ಬೇಲಿ ಬಂತು, ಬೇಲಿಗೊಂದು ಗೇಟು ಬಂತು. ಕಟ್ಟಳೆ ಮಾತ್ರ ಕದಲಲಿಲ್ಲ.

ಪಾಲು ಮಾಡಿ ಮಾಡಿ ದೊಡ್ಡವಳಿಗೆ ಅದೊಂದು ವಿದ್ಯೆಯೇ ಆಗಿಬಿಟ್ಟಿತ್ತು. ಸೌದೆಯ ರಾಶಿಯನ್ನು ಕಣ್ಣಳತೆಯಲ್ಲೇ ಸರಿಸಮ ಮಾಡುತ್ತಿದ್ದಳು. ಬಟ್ಟೆಯನ್ನು ಮಡಿಸಿ ಹರಿದರೆ ಒಂದು ನೂಲೂ ಆಚೆ ಈಚೆ ಆಗುತ್ತಿರಲಿಲ್ಲ. ಬೀದಿಯವರು ಅವಳಿಗೆ ತಕ್ಕಡಿ ಎಂದೇ ಹೆಸರಿಟ್ಟಿದ್ದರು. ಯಾರ ಮನೆಯಲ್ಲಿ ಹಂಚಿಕೆಯ ತಕರಾರು ಬಿದ್ದರೂ ತಕ್ಕಡಿಯನ್ನು ಕರೆಸುತ್ತಿದ್ದರು. ಅವಳಿಗೂ ಆ ಹೆಸರೆಂದರೆ ಹೆಮ್ಮೆ, ಯಾಕೆ ಸುಳ್ಳು ಹೇಳಬೇಕು. ಆದರೆ ಹೆಮ್ಮೆಯ ಅಡಿಯಲ್ಲಿ ಒಂದು ಹಳೆಯ ಉರಿಯೂ ಇತ್ತು. ಹದಿಮೂರು ವರ್ಷ ಪಾಲು ಮಾಡಿದವಳು ಒಂದೇ ಒಂದು ಸಲ ಆರಿಸಿದವಳಲ್ಲ. ಚಿಕ್ಕವಳು ಬರುತ್ತಾಳೆ, ಒಂದು ಗಳಿಗೆ ನಿಲ್ಲುತ್ತಾಳೆ, ‘ನನಗೆ ಇದು ಸಾಕಕ್ಕ’ ಎನ್ನುತ್ತಾಳೆ, ಎತ್ತಿಕೊಂಡು ಹೋಗುತ್ತಾಳೆ. ಉಳಿದದ್ದು ತಕ್ಕಡಿಗೆ. ಹಿತ್ತಲು ಹಂಚಿದಾಗ ಬಾವಿ ಇದ್ದ ಅರ್ಧ ಚಿಕ್ಕವಳಿಗೆ ಹೋಯಿತು. ಅವತ್ತಿನಿಂದ ತಕ್ಕಡಿಗೆ ಒಂದು ಗುಮಾನಿ ಹತ್ತಿಕೊಂಡಿತು. ಪಾಲು ಎಷ್ಟೇ ಸಮ ಇರಲಿ, ಎರಡರಲ್ಲಿ ಕೂದಲೆಳೆಯಷ್ಟು ಒಳ್ಳೆಯದು ಯಾವುದು ಎಂಬುದರ ವಾಸನೆ ಆ ಹೆಣ್ಣಿನ ಮೂಗಿಗೆ ಬಡಿಯುತ್ತದೆ, ಇಲ್ಲದಿದ್ದರೆ ಇಷ್ಟು ಬೇಗ ಆರಿಸುವುದು ಹೇಗೆ ಎಂದು.

ಈ ವರ್ಷ ಇಬ್ಬರೂ ಸೇರಿ ಹಂದಿ ಸಾಕುವುದೆಂದು ಮಾತಾಯಿತು. ನಾಲ್ಕು ಮರಿ ತರುವುದು, ಎರಡೆರಡು ಹಂಚಿಕೊಳ್ಳುವುದು. ತಕ್ಕಡಿಯ ಗಂಡ ಬಡಗಿ. ಮರ ಉಳಿಯಲಿ ಎಂದು ಅವನು ಬೇಲಿಯ ಎರಡೂ ಬದಿಗೆ ಚಾಚುವಂತೆ ಒಂದು ದೊಡ್ಡಿ ಕಟ್ಟಿದ. ಒಂದೇ ಸೂರು, ಎರಡು ಬಾಗಿಲು, ನಡುವೆ ಹಲಗೆಯ ಅಡ್ಡಗೋಡೆ. ಚಿಕ್ಕವಳ ಗಂಡ ಬಸ್ಸಿನ ಡ್ರೈವರು, ವಾರಕ್ಕೆರಡು ದಿನ ಮನೆಗೆ ಬಂದರೆ ಹೆಚ್ಚು. ಅವನ ಪಾಲಿನ ಕೆಲಸವನ್ನೂ ಬಡಗಿಯೇ ಮಾಡಿದ. ಚಿಕ್ಕವಳು ಎರಡೂ ಕಡೆ ಒಣಹುಲ್ಲು ಹಾಸಿ, ಮೂಲೆಯಲ್ಲಿ ಗಾಳಿ ಬೀಸದಂತೆ ಗೋಣಿ ಕಟ್ಟಿ, ನೀರಿನ ತೊಟ್ಟಿ ತೊಳೆದಿಟ್ಟಳು. ತಕ್ಕಡಿ, ಬಡಗಿ ಇಬ್ಬರೂ ಬಾಡಿಗೆಯ ಗಾಡಿ ಮಾಡಿಕೊಂಡು ಮರಿ ತರಲು ಹೋದರು.

ಎಲ್ಲ ಕೆಟ್ಟದ್ದು ಅಲ್ಲಿ.

ಹಂದಿ ಸಾಕುವವನು ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿದ ನರಪೇತಲ. ಒಂದೇ ತಾಯಿಯ ನಾಲ್ಕು ಮರಿ ತೋರಿಸಿದ. ಎರಡು ನಡುತರದವು, ಒಂದು ಕಡ್ಡಿಯಂಥದ್ದು, ಇನ್ನೊಂದು ಮಾತ್ರ ನೋಡಿದರೆ ದೃಷ್ಟಿಯಾಗಬೇಕು ಅಂಥದ್ದು. ಮೈ ತುಂಬ ಕಂದು ಚುಕ್ಕೆ, ದುಂಡು ಸೊಂಟ, ಗತ್ತಿನ ನಡಿಗೆ. ಬಡಗಿ ಗಾಡಿಗೆ ಹಗ್ಗ ಬಿಗಿಯುತ್ತಿದ್ದಾಗ ಅವನು ತಕ್ಕಡಿಯನ್ನು ಪಕ್ಕಕ್ಕೆ ಕರೆದು, ಆ ಚೆಂದದ ಮರಿಯ ಹೊಕ್ಕಳಲ್ಲಿ ನೆಲ್ಲಿಕಾಯಿಯಷ್ಟು ಗಂಟಿದೆ ಎಂದ. ಒಳಗಿನ ಕರುಳು ಹೊರಗೆ ಉಬ್ಬಿದೆ, ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ, ಕೆಲವಕ್ಕೆ ಬೆಳೆಯುತ್ತ ಬೆಳೆಯುತ್ತ ವಾಸಿಯಾಗುತ್ತದೆ, ಕೆಲವು ಅದರಿಂದಲೇ ಸಾಯುತ್ತವೆ. ‘ಬೇಡ ಅಂದ್ರೆ ಬೇರೆ ಮರಿ ಕೊಡ್ತೀನಮ್ಮ, ನನಗೇನೂ ಬೇಜಾರಿಲ್ಲ’ ಎಂದ. ಒಳ್ಳೆಯ ಮನುಷ್ಯ. ಇಂಥ ಪ್ರಾಮಾಣಿಕರು ಬೇಡದ ಹೊತ್ತಿಗೇ ಸಿಗುತ್ತಾರೆ.

ತಕ್ಕಡಿ ‘ಬೇರೆ ಕೊಡಿ’ ಎನ್ನಲು ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಹದಿಮೂರು ವರ್ಷದ ಉರಿ ಒಂದೇ ಸಲ ನೆತ್ತಿಗೇರಿತು. ಈ ಚೆಲುವನನ್ನು ಒಂದು ಪಾಲಿನಲ್ಲಿ ಇಟ್ಟರೆ? ಪಕ್ಕದಲ್ಲಿ ಕಡ್ಡಿಯನ್ನು ಇಟ್ಟರೆ ತೂಕಕ್ಕೆ ತೂಕ ಸರಿಹೋಗುತ್ತದೆ. ಎದುರಿಗೆ ನಡುತರದ ಎರಡು. ನೋಡಿದವರು ನ್ಯಾಯವಾಗಿದೆ ಎನ್ನಬೇಕು. ಒಳ್ಳೆಯದರ ವಾಸನೆ ಹಿಡಿಯುವ ಮೂಗು ಚೆಲುವನ ಕಡೆಗೇ ಹೋಗುತ್ತದೆ. ಹೋಗಲಿ, ಈ ಒಂದು ಸಲ ಹೋಗಲಿ. ತಕ್ಕಡಿ ಬಾಯಿ ಮುಚ್ಚಿ, ಮತ್ತೆ ತೆರೆದು, ‘ಪರವಾಗಿಲ್ಲ, ಇದೇ ಇರಲಿ’ ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಎಂಬಂತೆ ಕೇಳಿಸಿತು.

ಮನೆಗೆ ಬಂದು ನಾಲ್ಕನ್ನೂ ಎರಡು ಬುಟ್ಟಿಯಲ್ಲಿ ಇಟ್ಟಳು. ಚೆಲುವ ಮತ್ತು ಕಡ್ಡಿ ಒಂದರಲ್ಲಿ, ನಡುತರದವು ಇನ್ನೊಂದರಲ್ಲಿ. ಅಷ್ಟು ಹೊತ್ತಿಗಾಗಲೇ ಬಡಗಿ ಮೊದಲಿನ ಎರಡನ್ನು ಚೆಲುವ, ಕಡ್ಡಿ ಎಂದೇ ಕರೆಯಲು ಶುರುಮಾಡಿದ್ದ. ಚಿಕ್ಕವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು, ಯಾವತ್ತಿನಂತೆ ಒಂದು ಗಳಿಗೆ ನಿಂತಳು. ಚೆಲುವ ಬುಟ್ಟಿಯಲ್ಲಿ ಹೊಟ್ಟೆ ಮೇಲೆ ಮಾಡಿ ಹೊರಳಿಬಿಟ್ಟರೆ ಕೆಲಸ ಕೆಟ್ಟಿತು ಎಂದು ತಕ್ಕಡಿ ಅವನನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು.

‘ನನಗೆ ಇವೆರಡು ಸಾಕಕ್ಕ’ ಎಂದು ಚಿಕ್ಕವಳು ನಡುತರದ ಬುಟ್ಟಿ ಎತ್ತಿಕೊಂಡು ಹೋದಳು.

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಏನೆಂದು ತಕ್ಕಡಿಗೆ ಅವತ್ತು ಅರ್ಥವಾಯಿತು. ಗಂಟಿನದೂ ಅವಳಿಗೇ, ಕಡ್ಡಿಯೂ ಅವಳಿಗೇ. ಆದರೆ ನಷ್ಟಕ್ಕಿಂತ ಹೆಚ್ಚು ಕೊರೆದದ್ದು ಒಂದು ಪ್ರಶ್ನೆ. ಅಷ್ಟು ಚೆಂದದ ಮರಿಯನ್ನು ಬಿಟ್ಟುಹೋಗಬೇಕಾದರೆ ಅವಳಿಗೆ ಗೊತ್ತಿರಲೇಬೇಕು. ಯಾರು ಹೇಳಿದರು? ಗೊತ್ತಿದ್ದೂ ಸುಮ್ಮನಿದ್ದಾಳೆ ಎಂದರೆ ಯಾವತ್ತೋ ಒಂದು ದಿನ ಬೀದಿಯವರ ಮುಂದೆ ಬಾಯಿ ಬಿಡುವುದಕ್ಕೇ ಕಾಯುತ್ತಿದ್ದಾಳೆ. ತಕ್ಕಡಿಯೇ ತೂಕ ಹೊಡೆದಳು ಎಂದು ಒಬ್ಬರ ಬಾಯಲ್ಲಿ ಬಂದರೆ ಸಾಕು, ಇಷ್ಟು ವರ್ಷ ಕಾಪಾಡಿಕೊಂಡ ಹೆಸರು ಮಣ್ಣುಪಾಲು. ಬೇಲಿಯ ಗೇಟಿಗೂ ಬೀಗ ಬೀಳುತ್ತದೆ.

ಮೊದಲ ಅನುಮಾನ ಗಂಡನ ಮೇಲೆ. ಹಗ್ಗ ಬಿಗಿಯುತ್ತಿದ್ದವನ ಕಿವಿಗೆ ಮಾತು ಬಿದ್ದಿರಬಹುದು. ಊಟಕ್ಕೆ ಬಡಿಸುತ್ತ, ಅವತ್ತು ಆ ಬೂಟಿನವನು ಏನೇನೋ ಹರಟುತ್ತಿದ್ದ ಅಲ್ಲವೇ ಎಂದು ಮೆಲ್ಲಗೆ ಕೆದಕಿದಳು. ಬಡಗಿ ಯೋಚನೆ ಮಾಡಿ, ಅವನ ಬಾಗಿಲಿನ ತಿರುಗಣಿ ಸವೆದುಹೋಗಿದೆ, ಬದಲಾಯಿಸಬೇಕು ಎಂದ. ಇಷ್ಟು ಪೆದ್ದಾಗಿ ಉತ್ತರ ಕೊಡುವವನು ಒಂದೋ ನಿಜವಾಗಿ ಪೆದ್ದ, ಇಲ್ಲ ಮಹಾ ಕಿಲಾಡಿ. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಇವನು ಎರಡರಲ್ಲಿ ಯಾವುದು ಎಂದು ಹೇಳಲಾಗುವುದಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ಎರಡನೇ ಅನುಮಾನ ಬೂಟಿನವನ ಮೇಲೆ. ಮರಿಗಳಿಗೆ ಹಳೆಯ ಕಡೆ ಏನು ತಿನ್ನಿಸುತ್ತಿದ್ದರೋ ಅದನ್ನೇ ಕೆಲವು ದಿನ ತಿನ್ನಿಸಬೇಕು, ದಿಢೀರನೆ ಬದಲಾಯಿಸಿದರೆ ಭೇದಿಯಾಗುತ್ತದೆ ಎಂದು ಚಿಕ್ಕವಳು ಅವನಿಗೆ ಫೋನು ಮಾಡಿ ತೌಡು ಎಷ್ಟು, ಜೋಳದ ನುಚ್ಚು ಎಷ್ಟು ಎಂದು ಕೇಳಿದ್ದಳು. ತೌಡಿನ ಮಾತಾಡುವವರು ಗಂಟಿನ ಮಾತಾಡದೆ ಇರುತ್ತಾರೆಯೇ?

ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಾಗಾಯಿತು ಅವಳ ಪಾಡು. ಮಾರನೆಯ ದಿನ ಬೆಳಿಗ್ಗೆ ಚಿಕ್ಕವಳು ಅಡ್ಡಗೋಡೆಯ ಮೇಲಿಂದ ಇಣುಕಿ ಕೇಳಿದಳು, ‘ನಿಮ್ಮವುಗಳ ಹೊಟ್ಟೆ ಹೇಗಿದೆ ಅಕ್ಕ?’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ‘ಹೊಟ್ಟೆಗೇನಾಗಿದೆ? ಎಲ್ಲಾ ಹಂದಿಗೂ ಇರೋ ಥರಾನೇ ಇದೆ’ ಎಂದಳು ತಕ್ಕಡಿ. ಚಿಕ್ಕವಳು ತನ್ನವಕ್ಕೆ ಸ್ವಲ್ಪ ಸಡಿಲವಾಗಿದೆ ಎಂದಳು, ತೌಡು ಕಡಿಮೆ ಮಾಡುತ್ತೇನೆ ಎಂದಳು, ಹೋದಳು. ಸಂಜೆ ಹಿಂಡಿಯ ಚೀಲ ಹೊತ್ತು ತಂದು, ಇದರ ಗಂಟು ತನ್ನ ಕೈಯಲ್ಲಿ ಬಿಚ್ಚಲಾಗುತ್ತಿಲ್ಲ, ಸ್ವಲ್ಪ ನೋಡಿ ಎಂದು ಮುಂದೆ ಇಟ್ಟಳು. ಗಂಟು ಎಂಬ ಮಾತನ್ನು ಅವಳು ಸ್ವಲ್ಪ ಒತ್ತಿ ಹೇಳಿದಳು ಎಂದು ತಕ್ಕಡಿಗೆ ಅನಿಸಿತು. ಹಲ್ಲಿನಿಂದ ಗಂಟು ಬಿಚ್ಚುತ್ತ ವಾರೆಗಣ್ಣಿನಲ್ಲಿ ಮುಖ ನೋಡಿದಳು. ಚಿಕ್ಕವಳು ಆಕಳಿಸುತ್ತಿದ್ದಳು. ಅದೂ ನಾಟಕ ಇರಬಹುದು.

ಇತ್ತ ಮರಿಗಳು ಹೊಂದಿಕೊಳ್ಳಲೊಲ್ಲವು. ನಾಲ್ಕೂ ಒಂದೇ ರಾಶಿಯಲ್ಲಿ ಮಲಗಿ ಬೆಳೆದವು, ಎರಡೆರಡಾಗಿ ಬೇರೆ ಮಾಡಿದ್ದೇ ಕಿರುಚಾಟ ಶುರುವಾಯಿತು. ಮೂಲೆಯ ಬೆಚ್ಚಗಿನ ಹುಲ್ಲು ಬಿಟ್ಟು ಚೆಲುವ, ಕಡ್ಡಿ ಎರಡೂ ಅಡ್ಡಗೋಡೆಗೆ ಬೆನ್ನು ಒತ್ತಿ ಮಲಗುತ್ತಿದ್ದವು. ಚಿಕ್ಕವಳು ಹಲಗೆಯ ಸಂದಿಯಿಂದ ಏನೋ ತಿನ್ನಿಸಿ ಈ ಕಡೆಯ ಮರಿಗಳನ್ನು ಒಲಿಸಿಕೊಳ್ಳುತ್ತಿದ್ದಾಳೆ ಎಂದು ತಕ್ಕಡಿಗೆ ಗುಮಾನಿ. ಸಂದಿಗೆ ಗೋಣಿ ಇಟ್ಟು ಮೊಳೆ ಹೊಡೆದಳು. ಮರಿಗಳು ಅದನ್ನು ಎಳೆದು ಹಾಸಿಕೊಂಡು ಮಲಗಿದವು. ಕದ್ದು ಆಚೆ ಇಣುಕಿ ನೋಡಿದರೆ ಚಿಕ್ಕವಳ ಮರಿಗಳೂ ಅದೇ ಹಲಗೆಗೆ ಬೆನ್ನು ಕೊಟ್ಟು ಮಲಗಿದ್ದವು. ನಡುವೆ ಒಂದಿಂಚಿನ ಮರ, ಅತ್ತ ಎರಡು ಬೆನ್ನು, ಇತ್ತ ಎರಡು ಬೆನ್ನು.

ಮರಿಗಳಿಗೆ ಮನುಷ್ಯರ ರೂಢಿಯಾಗಬೇಕಾದರೆ ದಿನಾ ಹತ್ತಿರ ಕೂತು ಮೈ ಕೆರೆಯಬೇಕು. ತಕ್ಕಡಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದಳು. ಚೆಲುವ ಎರಡೇ ದಿನಕ್ಕೆ ಮರುಳಾದ. ಹೊಟ್ಟೆಯ ಪಕ್ಕಕ್ಕೆ ಬೆರಳು ತಾಗಿದರೆ ಸಾಕು, ಕಾಲು ಮಡಚಿ ದೊಪ್ಪನೆ ಉರುಳಿ ಕಣ್ಣು ಮುಚ್ಚುತ್ತಿದ್ದ. ಆಗ ಅವಳು ಅತ್ತ ಇತ್ತ ನೋಡಿ, ಆ ಗಂಟನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತುತ್ತಿದ್ದಳು. ಬೆಚ್ಚಗೆ, ಮೆತ್ತಗೆ, ಗುಳುಕ್ಕೆಂದು ಒಳಗೆ ಹೋಗುತ್ತಿತ್ತು. ಎದ್ದು ನಿಂತರೆ ಮತ್ತೆ ಹೊರಗೆ. ದಿನಕ್ಕೆ ನಾಲ್ಕು ಸಲ ಈ ಕೆಲಸ. ಯಾರಿಗೋ ಕಟ್ಟಲು ತಂದ ಪೀಡೆಯ ಮೇಲೆ ಹೀಗೆ ದಿನಾ ಕೈಯಾಡಿಸಿ ಅವಳಿಗೇ ಮಾಯೆ ಹತ್ತಿತು. ಒಂದು ದಿನ ಚಿಕ್ಕವಳು ಗೋಡೆಯ ಮೇಲಿಂದ ಕೈ ಚಾಚಿ ಚೆಲುವನ ಪಕ್ಕೆ ಕೆರೆದಳು. ಅವನು ನಿಯತ್ತಿಲ್ಲದವನ ಹಾಗೆ ಅವಳಿಗೂ ದೊಪ್ಪನೆ ಉರುಳಿದ. ತಕ್ಕಡಿ ಓಡಿಬಂದು ಒಂದು ತೆಕ್ಕೆ ಹುಲ್ಲನ್ನು ಅವನ ಮೇಲೆ ಸುರಿದು, ಅವನಿಗೆ ಚಳಿ ಎಂದಳು. ಮಟಮಟ ಮಧ್ಯಾಹ್ನ, ಹೆಂಚು ಕಾದು ಬೆವರು ಕಿತ್ತುಬರುತ್ತಿತ್ತು. ಚಿಕ್ಕವಳು ಕೈ ಹಿಂದಕ್ಕೆ ಎಳೆದುಕೊಂಡು ತನ್ನ ಕೆಲಸಕ್ಕೆ ಹೋದಳು.

ಐದನೆಯ ದಿನ ಚಿಕ್ಕವಳು ತನ್ನ ಮರಿಗಳ ಭೇದಿಗೆ ದನದ ಡಾಕ್ಟರನ್ನು ಕರೆಸಿದಳು. ಅವರು ಔಷಧಿ ಕೊಟ್ಟು, ಬಂದದ್ದಾಯಿತು, ಆಚೆಯವನ್ನೂ ನೋಡಿಬಿಡುತ್ತೇನೆ ಎಂದು ಗೇಟು ದಾಟಿದರು. ತಕ್ಕಡಿ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತಳು. ಈಗ ತಾನೇ ಮಲಗಿವೆ, ಎಬ್ಬಿಸಿದರೆ ಮತ್ತೆ ಕಿರುಚುತ್ತವೆ, ತಮ್ಮವು ಗುಂಡುಕಲ್ಲಿನ ಹಾಗಿವೆ ಎಂದಳು. ಅವಳ ಬೆನ್ನ ಹಿಂದೆಯೇ ಚೆಲುವ ಎಚ್ಚರವಾಗಿ ತೊಟ್ಟಿಯನ್ನು ಮೂತಿಯಿಂದ ಗುದ್ದುತ್ತಿದ್ದ. ಡಾಕ್ಟರು ಬಡಗಿಯ ಮುಖ ನೋಡಿದರು, ಬಡಗಿ ಸೂರಿನ ಕಡೆ ನೋಡಿದ. ಹೋಗುವಾಗ ಡಾಕ್ಟರು, ಒಡಹುಟ್ಟಿದ ಮರಿಗಳನ್ನು ಯಾಕೆ ಬೇರೆ ಮಾಡಿದಿರಿ, ಆ ಹಲಗೆ ತೆಗೆದರೆ ಎರಡು ದಿನದಲ್ಲಿ ಹೊಂದಿಕೊಳ್ಳುತ್ತವೆ ಎಂದು ಹೇಳಿದರು. ಚಿಕ್ಕವಳು ಆಗಲಿ ಎಂಬಂತೆ ತಕ್ಕಡಿಯನ್ನು ನೋಡಿದಳು. ಹಲಗೆ ತೆಗೆದರೆ ಗಂಟು ನಾಲ್ಕು ಕಣ್ಣಿಗೆ ಬೀಳುತ್ತದೆ. ಪಾಲೆಂದ ಮೇಲೆ ಪಾಲು ಎಂದು ತಕ್ಕಡಿ ಮುಖ ತಿರುಗಿಸಿದಳು.

ಎಂಟನೆಯ ದಿನ ಬೆಳಿಗ್ಗೆ ಬಡಗಿ ಕೆಲಸಕ್ಕೆ ಹೋದ ಮೇಲೆ ಅವಳು ನುಚ್ಚಿನ ಬಕೆಟ್ಟು ಹಿಡಿದು ಬಂದಳು. ಕಡ್ಡಿ ಓಡಿಬಂದ. ಚೆಲುವ ಬರಲಿಲ್ಲ. ಬೆನ್ನು ಬಾಗಿಸಿಕೊಂಡು, ತಲೆ ತಗ್ಗಿಸಿ, ಹಲಗೆಗೆ ಹಣೆ ಒತ್ತಿ ನಿಂತಿದ್ದ. ಅವಳು ಪಕ್ಕೆ ಕೆರೆದಳು, ಅವನು ಉರುಳಲಿಲ್ಲ. ಕೈ ಅಡಿಗೆ ಹಾಕಿ ನೋಡಿದಳು. ನೆಲ್ಲಿಕಾಯಿ ಇದ್ದದ್ದು ನಿಂಬೆಹಣ್ಣಾಗಿತ್ತು, ಕಲ್ಲಿನಂತೆ ಗಟ್ಟಿಯಾಗಿತ್ತು. ಬೆರಳಿನಿಂದ ಒತ್ತಿದಳು. ಒಳಗೆ ಹೋಗಲಿಲ್ಲ. ಇನ್ನೊಮ್ಮೆ ಒತ್ತಿದಾಗ ಚೆಲುವ ಕೂಗಿದ ಕೂಗಿಗೆ ಆಚೆಯ ಮರಿಗಳೂ ಎದ್ದುನಿಂತವು.

ಡಾಕ್ಟರ ಫೋನ್ ನಂಬರು ಇದ್ದದ್ದು ಚಿಕ್ಕವಳ ಹತ್ತಿರ. ತಕ್ಕಡಿ ಮರಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಎದೆಗವಚಿಕೊಂಡು ಗೇಟಿನವರೆಗೆ ಬಂದಳು. ಅಲ್ಲಿ ಕಾಲು ನಿಂತವು. ಹೆಸರಾ, ಮರಿಯಾ? ಈಗ ಈ ಗೇಟು ದಾಟಿದರೆ ಎಲ್ಲ ಬಯಲು. ದಾಟದಿದ್ದರೆ ಇದು ಕೈಯಲ್ಲೇ ಹೋಗುತ್ತದೆ. ಚೆಲುವ ಟವೆಲ್ಲಿನೊಳಗಿಂದ ಅವಳ ಕುತ್ತಿಗೆಗೆ ಮೂತಿ ಒತ್ತಿದ. ಮೂತಿ ಬಿಸಿಯಾಗಿ ಸುಡುತ್ತಿತ್ತು. ತಕ್ಕಡಿ ಮೊಣಕಾಲಿನಿಂದ ಗೇಟು ಒದ್ದು ಒಳಗೆ ಹೋದಳು.

ಚಿಕ್ಕವಳು ಟವೆಲ್ಲು ಸರಿಸಿ ಗಂಟು ನೋಡಿದಳು. ಎದ್ದು ಹೋಗಿ ಫೋನು ಮಾಡಿದಳು. ಡಾಕ್ಟರು ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದರು. ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತರು, ಮರಿ ತಕ್ಕಡಿಯ ತೊಡೆಯ ಮೇಲೆ. ಚಿಕ್ಕವಳು ಒದ್ದೆ ಬಟ್ಟೆ ತಂದು ಅದರ ಮೈ ಒರೆಸುತ್ತಿದ್ದಳು. ಅವಳು ಬೈದಿದ್ದರೆ, ಅತ್ತಿದ್ದರೆ, ಏನಾದರೂ ಒಂದು ಕೇಳಿದ್ದರೆ ತಕ್ಕಡಿ ಹೇಗೋ ನಿಭಾಯಿಸುತ್ತಿದ್ದಳು. ಈ ಸುಮ್ಮನಿರುವಿಕೆ ಅವಳಿಗೆ ತಡೆಯಲಾಗಲಿಲ್ಲ. ಎಂಟು ದಿನದಿಂದ ಬಚ್ಚಿಟ್ಟುಕೊಂಡದ್ದು ಬಾಯಿಗೆ ಬಂತು.

‘ಸಾಕು ನಾಟಕ. ನಿನಗೆ ಮೊದಲೇ ಗೊತ್ತಿತ್ತು. ಯಾರು ಹೇಳಿದ್ದು, ನಮ್ಮವರಾ, ಆ ಬೂಟಿನವನಾ?’

ಚಿಕ್ಕವಳ ಕೈ ನಿಂತಿತು. ‘ಏನು ಹೇಳಿದ್ದು?’

‘ಇದಕ್ಕೆ ಗಂಟಿದೆ ಅಂತ. ಗೊತ್ತಿಲ್ಲದೇನಾ ಇದನ್ನ ಬಿಟ್ಟು ಆ ಸಪ್ಪೆಮೂತಿಯವನ್ನ ಎತ್ಕೊಂಡು ಹೋದೆ?’

ಮಾತು ಬಾಯಿಂದ ಹೊರಬಿದ್ದ ಮೇಲೆ ತಕ್ಕಡಿಗೆ ಅದು ಹೇಗೆ ಕೇಳಿಸಿತು ಎಂಬುದು ತಿಳಿಯಿತು. ಚಿಕ್ಕವಳ ಮುಖವನ್ನು ನೋಡಿದಳು. ಆ ಮುಖದಲ್ಲಿ ಏನೇನೂ ಇರಲಿಲ್ಲ. ಗೊತ್ತಿದ್ದವರ ಮುಖ ಹಾಗಿರುವುದಿಲ್ಲ. ಯಾರೂ ಹೇಳಿರಲಿಲ್ಲ. ಈಗ, ಈ ಮೆಟ್ಟಿಲ ಮೇಲೆ, ಹೇಳಿದವಳು ತಾನೇ.

ಚಿಕ್ಕವಳು ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮತ್ತೆ ಒರೆಸತೊಡಗಿದಳು.

‘ನಾನು ಯಾವತ್ತೂ ಪಾಲು ನೋಡಿದವಳಲ್ಲ ಅಕ್ಕ. ನೀವು ಮಾಡಿದ ಪಾಲಲ್ಲಿ ನೋಡೋಕೆ ಏನಿರುತ್ತೆ, ಎರಡೂ ಒಂದೇ. ನಾನು ನಿಮ್ಮ ಕಣ್ಣು ನೋಡ್ತಿದ್ದೆ. ನಿಮ್ಮ ಕಣ್ಣು ಯಾವುದರ ಮೇಲಿರುತ್ತೋ ಅದನ್ನ ಬಿಟ್ಟು ಇನ್ನೊಂದು ತಗೊಳ್ತಿದ್ದೆ. ಮದುವೆಯಾಗಿ ಬಂದ ಮೊದಲನೇ ವರ್ಷದಿಂದ ಹಾಗೇ. ಅವತ್ತು ನಿಮ್ಮ ಕಣ್ಣು ಇವನ ಮೇಲಿಂದ ಕದಲಲೇ ಇಲ್ಲ. ಅಕ್ಕಂಗೆ ಇದರ ಮೇಲೆ ಆಸೆ ಅಂದ್ಕೊಂಡೆ.’

ತಕ್ಕಡಿಗೆ ಹಿತ್ತಲು ಹಂಚಿದ ದಿನ ನೆನಪಾಯಿತು. ಬಾವಿ ಒಂದು ಕಡೆ, ತಾನು ಸಸಿಯಿಂದ ಬೆಳೆಸಿದ ಸೀಬೆಮರ ಇನ್ನೊಂದು ಕಡೆ. ಅವತ್ತು ಬೆಳಗಿನಿಂದ ಅವಳು ಆ ಮರವನ್ನೇ ನೋಡುತ್ತ ನಿಂತಿದ್ದಳು, ಅದು ಕೈತಪ್ಪಿ ಹೋಗುತ್ತದೆ ಎಂದು. ಹೋಗಲಿಲ್ಲ. ಬಾವಿ ಹೋಯಿತು. ಮರ ಉಳಿದದ್ದನ್ನು ಮರೆತು ಬಾವಿ ಹೋದದ್ದನ್ನು ಮಾತ್ರ ಇಷ್ಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದಳು. ನೀಲಿ ಬಟ್ಟೆಯೂ ಹಾಗೆಯೇ, ಅತ್ತೆಯ ತಾಮ್ರದ ಹಂಡೆಯೂ ಹಾಗೆಯೇ. ತನ್ನ ಪಾಲಿಗೆ ಉಳಿದದ್ದೆಲ್ಲ ತನ್ನ ಕಣ್ಣು ಬಿದ್ದಿದ್ದ ವಸ್ತುವೇ. ಆ ಮೆಟ್ಟಿಲ ಕಲ್ಲು ಬಾಯಿ ತೆರೆದು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ.

‘ಇವನನ್ನ ನನಗೆ ಕಟ್ಟೋಕೇ ತಂದಿದ್ರಾ?’ ಎಂದು ಚಿಕ್ಕವಳು ಕೇಳಿದಳು. ದನಿ ಏರಿರಲಿಲ್ಲ.

ತಕ್ಕಡಿ ಹೂಂ ಎಂದಳು. ಬೂಟಿನವನು ಬೇರೆ ಮರಿ ಕೊಡುತ್ತೇನೆ ಎಂದಿದ್ದ, ನಾನೇ ಬೇಡವೆಂದೆ ಎಂಬುದನ್ನೂ ಹೇಳಿದಳು. ಅರ್ಧ ಹೇಳಿ ಅರ್ಧ ಬಚ್ಚಿಡುವುದು ಅವಳ ಕೈಯಲ್ಲಿ ಇನ್ನು ಆಗುವಂತಿರಲಿಲ್ಲ.

ಡಾಕ್ಟರು ಬಂದರು. ಬಡಗಿಯ ಕೆಲಸದ ಮೇಜನ್ನು ನೆರಳಿಗೆ ಎಳೆದು, ಮರಿಗೆ ಸೂಜಿ ಚುಚ್ಚಿ, ಕುಯ್ದು, ಸಿಕ್ಕಿಬಿದ್ದಿದ್ದ ಕರುಳನ್ನು ಒಳಗೆ ಸೇರಿಸಿ ಹೊಲಿದರು. ಹಿಂಗಾಲು ಹಿಡಿದವಳು ಚಿಕ್ಕವಳು, ತಲೆ ಹಿಡಿದವಳು ತಕ್ಕಡಿ. ಮೊನ್ನೆ ತೋರಿಸಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದು ಡಾಕ್ಟರು ಕೈ ತೊಳೆಯುತ್ತ ಹೇಳಿದರು. ಉಳಿಯುವ ಸಂಭವ ಇದೆ, ಖಾತ್ರಿ ಇಲ್ಲ. ಹೊಲಿಗೆಯನ್ನು ಬೇರೆಯವು ಕಚ್ಚದ ಹಾಗೆ ಹತ್ತು ದಿನ ಒಂದನ್ನೇ ಇಡಬೇಕು, ಆದರೆ ಜೊತೆಯವುಗಳ ಸದ್ದು ಕೇಳುವಂತಿರಬೇಕು, ಇಲ್ಲದಿದ್ದರೆ ಕೊರಗುತ್ತದೆ. ಹೊತ್ತು ಹೊತ್ತಿಗೆ ಔಷಧಿ ಹಾಕಬೇಕು. ಅಷ್ಟು ಹೇಳಿ ಹೋದರು.

ಮರಿಯನ್ನು ದೊಡ್ಡಿಗೆ ಸೇರಿಸುವ ಮೊದಲು ಚಿಕ್ಕವಳು ತಡೆದಳು. ಟವೆಲ್ಲಿನಲ್ಲಿ ಸುತ್ತಿದ್ದ ಚೆಲುವನನ್ನು ಒಂದು ಬುಟ್ಟಿಯಲ್ಲಿ ಇಟ್ಟಳು, ಅದರ ಪಕ್ಕಕ್ಕೆ ಕಡ್ಡಿಯನ್ನು ಬಿಟ್ಟಳು. ತನ್ನ ಎರಡು ಮರಿಗಳನ್ನು ತಂದು ಇನ್ನೊಂದು ಬುಟ್ಟಿಯಲ್ಲಿ ಇಟ್ಟಳು. ಅವುಗಳ ಭೇದಿ ನಿಂತಿತ್ತು, ಮೈಕೈ ತುಂಬಿಕೊಂಡಿದ್ದವು.

‘ಈ ಸಲ ಪಾಲು ನಾನು ಮಾಡಿದೀನಿ. ನೀವು ಆರಿಸಿ’ ಎಂದಳು. ಹೇಳಿ ಬಾವಿಯ ಕಡೆ ತಿರುಗಿ, ಬೆನ್ನು ಮಾಡಿ ನಿಂತಳು.

ಹದಿಮೂರು ವರ್ಷ ಕಾದ ಗಳಿಗೆ. ತಕ್ಕಡಿ ಎರಡು ಬುಟ್ಟಿಗಳ ಮುಂದೆ ನಿಂತಳು. ಮೊದಲು ನೋಡಿದ್ದು ಬುಟ್ಟಿಗಳನ್ನಲ್ಲ, ಚಿಕ್ಕವಳ ಕಣ್ಣು ಎಲ್ಲಿದೆ ಎಂದು. ಕಣ್ಣು ಕಾಣುತ್ತಿರಲಿಲ್ಲ, ಬೆನ್ನು ಮಾತ್ರ ಕಾಣುತ್ತಿತ್ತು. ಇದರಲ್ಲೇನೋ ಮಸಲತ್ತಿದೆ ಎಂದು ಹಳೆಯ ಚಾಳಿ ತಲೆ ಎತ್ತಿತು. ತನ್ನನ್ನು ಪರೀಕ್ಷೆ ಮಾಡುತ್ತಿದ್ದಾಳೆ. ಇಲ್ಲ, ಚುಚ್ಚುತ್ತಿದ್ದಾಳೆ. ಇಲ್ಲ, ನಿಜವಾಗಿಯೂ ಕೊಡುತ್ತಿದ್ದಾಳೆ, ತಗೊಂಡರೂ ಒಂದು ಮಾತು ಆಡುವವಳಲ್ಲ. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು. ಅವಳ ಕಣ್ಣು ತುಂಬಿ ಬಂತು.

ಟವೆಲ್ಲಿನೊಳಗೆ ಚೆಲುವ ನಿದ್ದೆಯಲ್ಲೇ ಮೂತಿ ಅಲ್ಲಾಡಿಸಿದ. ತಕ್ಕಡಿ ಬಗ್ಗಿ ಅದೇ ಬುಟ್ಟಿಯನ್ನು ಎತ್ತಿಕೊಂಡಳು.

‘ನನಗೆ ಇವೆರಡು ಸಾಕು’ ಎಂದಳು.

ಚಿಕ್ಕವಳು ತಿರುಗಿದಳು. ಬುಟ್ಟಿಯನ್ನು ನೋಡಿದಳು, ಔಷಧಿಯ ಶೀಶೆಯನ್ನು ಅದರೊಳಗೆ ಇಟ್ಟಳು. ಕಡ್ಡಿ ಒಬ್ಬನೇ ಕೊರಗುವುದು ಬೇಡ, ಹತ್ತು ದಿನ ತನ್ನ ಕಡೆ ಇರಲಿ ಎಂದು ಅವನನ್ನು ಕಂಕುಳಲ್ಲಿ ಎತ್ತಿಕೊಂಡಳು. ಅವಳ ಮುಖ ಇನ್ನೂ ಬಿಗಿದೇ ಇತ್ತು.

‘ಇನ್ನೂ ಕೋಪ ಇದೆಯಾ?’ ಎಂದು ತಕ್ಕಡಿ ಕೇಳಿದಳು.

‘ಇದೆ ಅಕ್ಕ. ಇನ್ನೂ ಸ್ವಲ್ಪ ದಿನ ಇರುತ್ತೆ. ಅದನ್ನ ಪಾಲು ಮಾಡೋಕೆ ಬರಬೇಡಿ.’

ತಕ್ಕಡಿ ಬರುವುದಿಲ್ಲ ಎಂಬಂತೆ ತಲೆಯಾಡಿಸಿದಳು. ದೊಡ್ಡಿಯ ತನ್ನ ಕಡೆ ಹೊಸ ಹುಲ್ಲು ಹಾಸಿ, ಚೆಲುವನನ್ನು ಅಡ್ಡಗೋಡೆಯ ಪಕ್ಕದಲ್ಲೇ ಮಲಗಿಸಿದಳು. ಸ್ವಲ್ಪ ಹೊತ್ತಿನಲ್ಲಿ ಆಚೆಯಿಂದ ಮೂರು ಮರಿಗಳು ಒಂದೊಂದಾಗಿ ಬಂದು ಹಲಗೆಗೆ ಮೈ ಒರಗಿಸಿದ ಸದ್ದು ಕೇಳಿಸಿತು. ಸಂದಿಗೆ ಹೊಡೆದಿದ್ದ ಗೋಣಿಯ ಮೊಳೆಗಳು ಮರದಲ್ಲಿ ಇನ್ನೂ ಉಳಿದುಕೊಂಡಿದ್ದವು. ಗಂಡ ಬರುವವರೆಗೆ ಕಾಯದೆ ಅವಳು ಅವನ ಪೆಟ್ಟಿಗೆಯಿಂದ ಇಕ್ಕಳ ತಂದು, ಬಕೆಟ್ಟು ಬೋರಲು ಹಾಕಿ ಕೂತು, ಒಂದೊಂದೇ ಮೊಳೆ ಕೀಳತೊಡಗಿದಳು.